ಕ್ಯಾಮೆರಾ ಅಗ್ಗವಾಯಿತು, ಉಳಿದ ಸಮಯ ಯಾರ ಪಾಲಾಯಿತು?

(ಪತ್ರಿಕೋದ್ಯಮದ ವಿದ್ಯಾರ್ಥಿಗಳು ಮತ್ತು ಚಾನೆಲ್‌ಗಳಲ್ಲಿ ದುಡಿಯುವ ಕೆಲವರು ಸೇರಿದ್ದ ಸಭೆಯಲ್ಲಿ ಆಡಿದ ಮಾತುಗಳ ಬರಹ ರೂಪ. ಕೆಲವು ಕಡೆ ಕತ್ತರಿ ಹಾಕಿದ್ದೇನೆ. ಅವತ್ತು ಸಮಯ ಸಾಲದೆ ಬಿಟ್ಟಿದ್ದನ್ನು ಒಂದೆರಡು ಕಡೆ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

"ಟೆಲಿವಿಷನ್‌ಗೆ ಇನ್ನೂ ಪೂರ್ತಿ ತಂಡ ಬೇಕೇ, ಒಬ್ಬ ವಿಡಿಯೋ ಪತ್ರಕರ್ತ ಸಾಕೇ?" ಎನ್ನುವುದು ನನಗೆ ಕೊಟ್ಟಿರುವ ವಿಷಯ. ವಿಡಿಯೋ ಪತ್ರಕರ್ತ ಎಂದರೆ ಚಿತ್ರೀಕರಣ, ಪ್ರಶ್ನೆ, ಎಡಿಟಿಂಗ್ ಎಲ್ಲವನ್ನೂ ಒಬ್ಬರೇ ಮಾಡುವವರು. ಕಾಲೇಜಿನ ಚರ್ಚಾಸ್ಪರ್ಧೆಯ ಹಾಗೆ ಐದು ನಿಮಿಷ ಪರವಾಗಿ, ಐದು ನಿಮಿಷ ವಿರೋಧವಾಗಿ ಮಾತಾಡಿ ಇಳಿದುಬಿಡಬಹುದಿತ್ತು. ಆದರೆ ನನ್ನ ತಕರಾರು ಪ್ರಶ್ನೆಯ ಮೇಲೇ ಇದೆ. ಎರಡು ಬೇರೆ ಸಂಗತಿಗಳನ್ನು ಇದರಲ್ಲಿ ಒಂದೇ ಗಂಟು ಕಟ್ಟಿದ್ದಾರೆ. ಸಲಕರಣೆ ಅಗ್ಗವಾಗಿದ್ದು ಒಂದು, ಜನ ಕಡಿಮೆಯಾಗಿದ್ದು ಇನ್ನೊಂದು. ಕ್ಯಾಮೆರಾ ಅಗ್ಗವಾಗುವುದನ್ನು ಯಾರೂ ತಡೆಯಲು ಆಗುತ್ತಿರಲಿಲ್ಲ, ತಡೆಯಬೇಕಾಗಿಯೂ ಇರಲಿಲ್ಲ. ಜನರನ್ನು ಕಡಿಮೆ ಮಾಡಿದ್ದು ಮಾತ್ರ ಮೀಟಿಂಗ್ ರೂಮಿನಲ್ಲಿ ಕೂತು ತೆಗೆದುಕೊಂಡ ತೀರ್ಮಾನ. ಎರಡನ್ನೂ ಬೆರೆಸಿ ಮಾತಾಡಿದರೆ ಆ ತೀರ್ಮಾನ ತೆಗೆದುಕೊಂಡವರು ತಂತ್ರಜ್ಞಾನದ ಕಡೆ ಬೆರಳು ತೋರಿಸಿ ಸುಮ್ಮನಾಗಿಬಿಡುತ್ತಾರೆ.

ಅಗ್ಗದ ಸಲಕರಣೆಯ ವಿಚಾರವನ್ನು ಮೊದಲು ಮುಗಿಸಿಬಿಡುತ್ತೇನೆ. ಅದು ಮೊಬೈಲ್ ಫೋನಿನಿಂದ ಶುರುವಾದದ್ದಲ್ಲ. 1975ರ ಆಗಸ್ಟ್‌ನಿಂದ ಒಂದು ವರ್ಷ 'ಸೈಟ್' ಎಂಬ ಹೆಸರಿನ ಉಪಗ್ರಹ ಟಿವಿ ಶಿಕ್ಷಣ ಪ್ರಯೋಗ ನಡೆಯಿತು. ಉಪಗ್ರಹದ ಮೂಲಕ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಟಿವಿ ಹೋಯಿತು. ನಮ್ಮ ಗುಲ್ಬರ್ಗ, ರಾಯಚೂರು, ಬಿಜಾಪುರ ಜಿಲ್ಲೆಗಳ ಹಳ್ಳಿಗಳೂ ಅದರಲ್ಲಿದ್ದವು. ಬೆಂಗಳೂರಿಗೆ ಇನ್ನೂ ದೂರದರ್ಶನ ಬಂದಿರದ ಕಾಲ ಅದು. ಅದೇ ಹೊತ್ತಿಗೆ ಗುಜರಾತಿನ ಖೇಡಾ ಜಿಲ್ಲೆಯ ಪಿಜ್ ಎಂಬ ಊರಿನಲ್ಲಿ ಒಂದು ಪುಟ್ಟ ಟ್ರಾನ್ಸ್‌ಮಿಟರ್ ನಿಂತಿತು. ಇಸ್ರೋದವರು ಅಲ್ಲಿ ಅರ್ಧ ಇಂಚು ಟೇಪಿನ, ಹೊತ್ತುಕೊಂಡು ಓಡಾಡಬಹುದಾದ ಸಲಕರಣೆ ಹಿಡಿದು ಹಳ್ಳಿಗೆ ಹೋದರು. ಕೂಲಿ ಎಷ್ಟು ಸಿಗುತ್ತಿದೆ, ಯಾರು ಕೊಡುತ್ತಿಲ್ಲ ಎಂಬುದನ್ನು ಹಳ್ಳಿಯವರ ಬಾಯಿಂದಲೇ, ಅವರ ಮಾತಿನಲ್ಲೇ ರೆಕಾರ್ಡ್ ಮಾಡಿ ತೋರಿಸಿದರು. ಸ್ಟುಡಿಯೋ ಎಂಜಿನಿಯರ್‌ಗಳ ಅಳತೆಗೋಲಿನಲ್ಲಿ ಆ ಚಿತ್ರ ಪ್ರಸಾರಕ್ಕೆ ತಕ್ಕದ್ದಾಗಿರಲಿಲ್ಲ. ಆದರೆ ಆ ಪ್ರಯೋಗಕ್ಕೆ ಗ್ರಾಮೀಣ ಸಂವಹನಕ್ಕಾಗಿ ಯುನೆಸ್ಕೋ ಪ್ರಶಸ್ತಿಯೇ ಬಂತು. ಹಾಗಾಗಿ "ಕ್ವಾಲಿಟಿ ಇಲ್ಲ" ಎಂದು ಯಾರಾದರೂ ಮೂಗು ಮುರಿದರೆ ನಾನು ಅವರ ಜೊತೆ ಇಲ್ಲ. ಖೇಡಾದಲ್ಲಿ ಅಗ್ಗವಾಗಿದ್ದದ್ದು ಸಲಕರಣೆ ಮಾತ್ರ. ಅದರ ಹಿಂದೆ ಸಮಾಜ ವಿಜ್ಞಾನಿಗಳು, ಬರಹಗಾರರು, ಪ್ರೊಡ್ಯೂಸರ್‌ಗಳು ಎಂದು ದೊಡ್ಡ ಗುಂಪೇ ಕೆಲಸ ಮಾಡುತ್ತಿತ್ತು.

ನಾನು ಕ್ಯಾಮೆರಾ ಹಿಡಿದ ಕಾಲಕ್ಕೆ ಬೀಟಾಕ್ಯಾಮ್ ಎಸ್‌ಪಿಯದೇ ದರ್ಬಾರು. ಲೆನ್ಸು, ಬ್ಯಾಟರಿ, ಕ್ಯಾಸೆಟ್ ಸೇರಿ ಹೆಗಲ ಮೇಲೆ ಏಳೆಂಟು ಕಿಲೋ. ಒಂದು ಕ್ಯಾಸೆಟ್‌ಗೆ 30 ನಿಮಿಷ. ಆ ಕ್ಯಾಮೆರಾದ ಬೆಲೆಗೆ ಬೆಂಗಳೂರಿನ ಹೊರವಲಯದಲ್ಲಿ ಒಂದು ಸೈಟು ಸಿಗುತ್ತಿತ್ತು. ಜೊತೆಗೆ ಕ್ಯಾಮೆರಾ ಅಸಿಸ್ಟೆಂಟ್, ಸೌಂಡ್ ರೆಕಾರ್ಡಿಸ್ಟ್, ಲೈಟ್ ಬಾಯ್, ಪ್ರೊಡ್ಯೂಸರ್, ಡ್ರೈವರ್. ಅಂಬಾಸಿಡರ್‌ನಲ್ಲಿ ಜಾಗ ಸಾಲದೆ ಮೆಟಡೋರ್ ಹೊರಡಬೇಕು. ಅದನ್ನೆಲ್ಲ ಈಗ ಚಿನ್ನದ ಯುಗ ಎಂದು ಹೊಗಳುವವರಿದ್ದಾರೆ, ನನಗೆ ಆ ಚಟ ಇಲ್ಲ. ಅರ್ಧ ದಿನ ಸಾಮಾನು ಇಳಿಸಿ ಏರಿಸುವುದರಲ್ಲೇ ಹೋಗುತ್ತಿತ್ತು. ಕಾಫಿಗೆ ನಿಲ್ಲಿಸಬೇಕು, ಊಟಕ್ಕೆ ನಿಲ್ಲಿಸಬೇಕು, ಭತ್ಯೆಯ ಲೆಕ್ಕ ಬರೆಯಬೇಕು. ಯಾವುದೋ ಹಳ್ಳಿಯ ಅಜ್ಜಿಯ ಮಾತು ಹಿಡಿಯೋಣ ಎಂದು ಲೈಟ್ ಹಚ್ಚುವ ಹೊತ್ತಿಗೆ ಅಜ್ಜಿ ಒಳಗೆ ಹೋಗಿ ಮದುವೆ ಸೀರೆ ಉಟ್ಟು ಬಂದಿರುತ್ತಿದ್ದಳು, ಮನೆ ಮುಂದೆ ಅರ್ಧ ಊರು ನಿಂತಿರುತ್ತಿತ್ತು. ಆಮೇಲೆ ಅಜ್ಜಿ ಆಡುತ್ತಿದ್ದದ್ದು ಊರಿಗೆ ಕೇಳಿಸಬೇಕಾದ ಮಾತು. ಬೆಳಿಗ್ಗೆ ಜಗಲಿಯ ಮೇಲೆ ಕೂತು ನಮ್ಮ ಹತ್ತಿರ ಆಡಿದ ಮಾತು ಮತ್ತೆ ಬರುತ್ತಿರಲಿಲ್ಲ.

ಆದರೂ ಆ ತಂಡ ಏನು ಮಾಡುತ್ತಿತ್ತು ಎಂಬುದನ್ನು ಹತ್ತಿರದಿಂದ ನೋಡಬೇಕು. ಒಂದು ಸಾಮಾನ್ಯ ಸಂದರ್ಶನವನ್ನೇ ತೆಗೆದುಕೊಳ್ಳಿ. ಸಾಲ ತೀರಿಸಲಾಗದೆ ಜೀವ ಕಳೆದುಕೊಂಡ ರೈತನ ಮನೆ. ಅವರ ಹೆಂಡತಿ ಮಾತಾಡಲು ಒಪ್ಪಿದ್ದಾರೆ. ಸೌಂಡ್‌ನವರು ಒಳಗೆ ಬಂದವರೇ ಮಾತಾಡುವುದಿಲ್ಲ, ಒಂದು ನಿಮಿಷ ಸುಮ್ಮನೆ ನಿಂತು ಕೇಳುತ್ತಾರೆ. ಫ್ಯಾನು ಆರಿಸುತ್ತಾರೆ. ಫ್ರಿಜ್ ಇದ್ದರೆ ಅದರ ಗುಂಯ್‌ಗುಡುವಿಕೆ ಬೈಟಿನ, ಅಂದರೆ ರೆಕಾರ್ಡಾದ ಮಾತಿನ, ತಳದಲ್ಲಿ ಕೂತುಬಿಡುತ್ತದೆ, ಅದನ್ನೂ ಆರಿಸುತ್ತಾರೆ. ನನಗೆ ಗೊತ್ತಿದ್ದ ಒಬ್ಬರು ಫ್ರಿಜ್ ಆರಿಸಿದ ಮೇಲೆ ಗಾಡಿಯ ಕೀಲಿಯನ್ನು ಅದರೊಳಗೇ ಇಡುತ್ತಿದ್ದರು. ಕೀಲಿ ಇಲ್ಲದೆ ಗಾಡಿ ಹೊರಡುವುದಿಲ್ಲವಲ್ಲ, ಹೊರಡುವಾಗ ಫ್ರಿಜ್ ಮತ್ತೆ ಹಾಕುವುದು ಮರೆಯುವುದಿಲ್ಲ. ಬಡವರ ಮನೆಯ ಹಾಲು ನಮ್ಮ ಕಾರ್ಯಕ್ರಮಕ್ಕಾಗಿ ಒಡೆಯಬಾರದು ಎನ್ನುವುದು ಅವರ ನಿಯಮ. ಆಮೇಲೆ ಕಾಲರ್ ಮೈಕ್ ಸಿಕ್ಕಿಸುವುದು. ಸೆರಗಿಗೆ ಸಿಕ್ಕಿಸಿದರೆ ಬಟ್ಟೆಯ ಸರಸರ, ಮಾಂಗಲ್ಯದ ಸರಕ್ಕೆ ತಾಗಿದರೆ ಟಿಣ್ ಟಿಣ್. ಇದನ್ನೆಲ್ಲ ಹೆಡ್‌ಫೋನ್‌ನಲ್ಲಿ ಕೇಳಿ ಸರಿಮಾಡುವವರು ಒಬ್ಬರು ಇದ್ದಾರೆ ಎಂದಾಗ ಪ್ರಶ್ನೆ ಕೇಳುವವರ ಕಣ್ಣು ಪೂರ್ತಿಯಾಗಿ ಆ ಹೆಂಗಸಿನ ಮೇಲಿರುತ್ತದೆ.

ಈಗ ಅದೇ ಮನೆಗೆ ಒಬ್ಬರೇ ಹೋಗಿ. ಕ್ಯಾಮೆರಾದ ಹಿಂದೆ ನಿಂತು ಪ್ರಶ್ನೆ ಕೇಳುತ್ತೀರಿ. ಆಕೆ ನಿಮ್ಮ ಮುಖ ನೋಡಲು ತಲೆ ಎತ್ತುತ್ತಾರೆ, ಅಲ್ಲಿ ಮುಖದ ಬದಲು ಲೆನ್ಸ್ ಇದೆ. ಸ್ಕ್ರೀನ್ ಪಕ್ಕಕ್ಕೆ ತಿರುಗಿಸಿಟ್ಟರೆ ಅವರ ದೃಷ್ಟಿ ನಿಮ್ಮಿಂದ ಸ್ಕ್ರೀನಿಗೆ, ಸ್ಕ್ರೀನಿನಿಂದ ನಿಮಗೆ ಓಡಾಡುತ್ತದೆ. ನೋಡುವವರಿಗೆ ಇವರೇನೋ ಮುಚ್ಚಿಡುತ್ತಿದ್ದಾರೆ ಅನಿಸುತ್ತದೆ. ಆಕೆ ಮಾತಿನ ನಡುವೆ ತುಸು ಮುಂದಕ್ಕೆ ಬಾಗಿದರೆ ಫೋಕಸ್ ಹೋಯಿತು. ನೀವು ಅಭ್ಯಾಸಬಲದಿಂದ "ಹೂಂ, ಹೂಂ" ಎಂದರೆ ಮೈಕು ನಿಮ್ಮದೇ ಹತ್ತಿರ ಇರುವುದರಿಂದ ಅವರ ದುಃಖದ ಮೇಲೆಲ್ಲ ನಿಮ್ಮ ಹೂಂಗುಟ್ಟುವಿಕೆ. ಇವೆಲ್ಲಕ್ಕೂ ಉಪಾಯ ಇದೆ. ಟ್ರೈಪಾಡ್ ಹಾಕಿ, ಫ್ರೇಮನ್ನು ಸ್ವಲ್ಪ ಸಡಿಲ ಇಟ್ಟು, ಲೆನ್ಸಿನ ಪಕ್ಕಕ್ಕೇ ಸ್ಟೂಲ್ ಎಳೆದುಕೊಂಡು ಅವರ ಕಣ್ಣಿನ ಮಟ್ಟಕ್ಕೆ ಕೂರಬೇಕು, ಬಾಯಿಂದ ಹೂಂಗುಡದೆ ತಲೆಯಾಡಿಸಬೇಕು. ಕಲಿತವರು ಚೆನ್ನಾಗಿಯೇ ಮಾಡುತ್ತಾರೆ. ಆದರೆ ಕಲಿತವರಿಗೂ ಮನಸ್ಸಿನ ಒಂದು ಪಾಲು ಬ್ಯಾಟರಿಯ ಮೇಲೆ, ಒಂದು ಪಾಲು ಸದ್ದಿನ ಮಟ್ಟ ತೋರಿಸುವ ಆಡಿಯೋ ಕಡ್ಡಿಗಳ ಮೇಲೆ ಇದ್ದೇ ಇರುತ್ತದೆ. "ಬ್ಯಾಂಕಿನವರು ಬಂದಿದ್ದರು" ಎಂದ ಮೇಲೆ ಆಕೆ ಒಂದು ಕ್ಷಣ ತಡೆದದ್ದು ಅವರ ಕಣ್ಣಿಗೆ ಬೀಳದೆ ಹೋಗಬಹುದು. ನಿಜವಾದ ಪ್ರಶ್ನೆ ಇದ್ದದ್ದು ಆ ತಡೆದ ಕಡೆ.

ಇನ್ನು ಒಬ್ಬರೇ ಸಾಕು ಎನ್ನುವ ವಾದ ಎಲ್ಲಿಂದ ಬಂತು ನೋಡೋಣ. ಇದರ ದೊಡ್ಡ ಪ್ರಚಾರಕ ಮೈಕೇಲ್ ರೋಸನ್‌ಬ್ಲೂಮ್ ಎಂಬ ಅಮೆರಿಕನ್. ಅಲ್ಲಿನ ಸಿಬಿಎಸ್ ಟಿವಿ ಜಾಲದಲ್ಲಿ ಪ್ರೊಡ್ಯೂಸರ್ ಆಗಿದ್ದವರು. 1980ರ ದಶಕದ ಕೊನೆಗೆ ಕೆಲಸ ಬಿಟ್ಟು, ಚಿಕ್ಕ ಕ್ಯಾಮೆರಾ ಹಿಡಿದು ಗಾಜಾದ ನಿರಾಶ್ರಿತರ ಶಿಬಿರಕ್ಕೆ ಹೋದರು, ಅಲ್ಲಿನ ಕುಟುಂಬವೊಂದರ ಜೊತೆ ಉಳಿದು ಚಿತ್ರೀಕರಿಸಿದರು. ನೆಟ್‌ವರ್ಕ್‌ಗಳ ತಂಡಗಳು ಹೋಟೆಲಿನಿಂದ ಬಂದು ಹೋಗುತ್ತಿದ್ದ ಕಡೆ ಇವರು ಮನೆಯೊಳಗೆ ಮಲಗಿದ್ದರು. ಈ ಮಾತನ್ನು ದಯವಿಟ್ಟು ನೆನಪಿಟ್ಟುಕೊಳ್ಳಿ. ಅವರಿಗೆ ಸಿಕ್ಕ ಚಿತ್ರ ಬೇರೆಯಾಗಿದ್ದಕ್ಕೆ ಕ್ಯಾಮೆರಾದ ಗಾತ್ರ ಎಷ್ಟು ಕಾರಣವೋ ಅಲ್ಲಿ ಉಳಿದ ದಿನಗಳೂ ಅಷ್ಟೇ ಕಾರಣ.

1992ರ ಸೆಪ್ಟೆಂಬರ್‌ನಲ್ಲಿ ನ್ಯೂಯಾರ್ಕ್ ನಗರದ ಕೇಬಲ್ ಜಾಲದಲ್ಲಿ ಎನ್‌ವೈ ಒನ್ ಎಂಬ 24 ಗಂಟೆಯ ಸುದ್ದಿ ಚಾನೆಲ್ ಶುರುವಾಯಿತು. ವರದಿಗಾರರೇ ಹೈ-8 ಎಂಬ ಚಿಕ್ಕ ಟೇಪಿನ ಕ್ಯಾಮೆರಾ ಹೊತ್ತು ಬೀದಿಗಿಳಿದರು. ಒಂದು ನಗರಕ್ಕೆ ಮಾತ್ರ ಸೀಮಿತವಾದ ಚಾನೆಲ್, ತಂಡಗಳನ್ನು ಸಾಕಲು ಆಗುತ್ತಿರಲಿಲ್ಲ. ಅದು ಇವತ್ತಿಗೂ ನಡೆಯುತ್ತಿದೆ. 1994ರಲ್ಲಿ ಲಂಡನ್ನಿನಲ್ಲಿ ಚಾನೆಲ್ ಒನ್ ಎಂಬುದು ಇದೇ ದಾರಿ ಹಿಡಿಯಿತು, 1998ರಲ್ಲಿ ಮುಚ್ಚಿತು. ಆಮೇಲೆ ಬಂದದ್ದು ದೊಡ್ಡ ಪರೀಕ್ಷೆ. 2001ರ ಸುಮಾರಿಗೆ ಬಿಬಿಸಿ ತನ್ನ ಪ್ರಾದೇಶಿಕ ಸುದ್ದಿಮನೆಗಳಿಗೆ ರೋಸನ್‌ಬ್ಲೂಮ್ ಅವರನ್ನೇ ಕರೆಸಿತು. ನ್ಯೂಕ್ಯಾಸಲ್‌ನಲ್ಲಿ ತರಬೇತಿ ಕೇಂದ್ರ ತೆರೆದು ನೂರಾರು ಸಿಬ್ಬಂದಿಗೆ ಕ್ಯಾಮೆರಾ ಮತ್ತು ಎಡಿಟಿಂಗ್ ಕಲಿಸಿದರು. ಕೈಗೆ ಕೊಟ್ಟದ್ದು ಸೋನಿ ಪಿಡಿ-150. ನಮ್ಮಲ್ಲೂ ಸಾಕ್ಷ್ಯಚಿತ್ರ ಮಾಡುವವರ ಕೈಯಲ್ಲಿ, ಮದುವೆ ವಿಡಿಯೋದವರ ಕೈಯಲ್ಲಿ ಆ ಕಾಲಕ್ಕೆ ಅದೇ ಇತ್ತು. ಹೆಗಲಿಗೆ ಏರಿಸುವ ಅಗತ್ಯವೇ ಇಲ್ಲ, ಕೈಯಲ್ಲಿ ಹಿಡಿದರೆ ಸಾಕು. ಮೊದಮೊದಲು ಬಂದ ಪಿಡಿ-150ಗಳಲ್ಲಿ ಆಡಿಯೋದಲ್ಲಿ ಸ್‌ಸ್ ಎಂಬ ಸದ್ದು ಕೇಳುತ್ತಿತ್ತು. ಆಗ ಸೌಂಡ್‌ನವರನ್ನು ನೆನೆಸಿಕೊಂಡವರು ಬಹಳ ಜನ.

ರೋಸನ್‌ಬ್ಲೂಮ್ ಅವರ ವಾದ ಸರಳ. ಒಂದು ಪತ್ರಿಕೆಯಲ್ಲಿ ನೂರು ಜನ ವರದಿಗಾರರು, ಆದರೆ ಇರುವುದು ಎಂಟೇ ಪೆನ್ಸಿಲ್, ಬರೆಯಬೇಕಾದವರು ಪೆನ್ಸಿಲ್‌ಗೆ ಕಾಯಬೇಕು ಎಂದರೆ ಆ ಪತ್ರಿಕೆ ಹೇಗಿರುತ್ತದೆ? ಟಿವಿ ಸುದ್ದಿಮನೆ ಹಾಗಿದೆ ಎನ್ನುತ್ತಿದ್ದರು. ಬೆಳಿಗ್ಗೆ ಎಂಟು ತಂಡ ಹೊರಟರೆ ಸಂಜೆಗೆ ಎಂಟು ಸ್ಟೋರಿ ಬರಲೇಬೇಕು, ಒಂದೂ ಕೈಕೊಡುವ ಹಾಗಿಲ್ಲ. ಹಾಗಾಗಿ ಎಲ್ಲರೂ ಖಾತ್ರಿಯಾಗಿ ಸಿಗುವ ಕಡೆಗೇ ಹೋಗುತ್ತಾರೆ: ಸುದ್ದಿಗೋಷ್ಠಿ, ಉದ್ಘಾಟನೆ, ಅಪಘಾತ. ಎಲ್ಲರ ಕೈಗೂ ಕ್ಯಾಮೆರಾ ಬಂದರೆ ನಾಲ್ಕು ಜನ ವಾರಗಟ್ಟಲೆ ಒಂದೇ ವಿಷಯದ ಬೆನ್ನು ಹತ್ತಬಹುದು, ಇಬ್ಬರು ಬರಿಗೈಯಲ್ಲಿ ಬಂದರೂ ಬುಲೆಟಿನ್ ನಿಲ್ಲುವುದಿಲ್ಲ. ಈ ವಾದದಲ್ಲಿ ನನಗೆ ಒಂದು ಹುಳುಕೂ ಕಾಣುವುದಿಲ್ಲ. ಉಳಿತಾಯವನ್ನು ಸಮಯಕ್ಕೆ ಬದಲಾಯಿಸಿಕೊಳ್ಳಿ ಎಂದು ಅವರು ಹೇಳಿದ್ದು. ಕೇಳಿಸಿಕೊಂಡವರಲ್ಲಿ ಬಹಳ ಜನರಿಗೆ "ಉಳಿತಾಯ" ಎಂಬಲ್ಲಿಗೇ ಕಿವಿ ಮುಚ್ಚಿತು.

ಸ್ಯಾನ್ ಫ್ರಾನ್ಸಿಸ್ಕೋದ ಕ್ರಾನ್ ಚಾನೆಲ್‌ನ ಕಥೆ ಕೇಳಿ. 2000ದಲ್ಲಿ ಯಂಗ್ ಬ್ರಾಡ್‌ಕಾಸ್ಟಿಂಗ್ ಎಂಬ ಕಂಪನಿ ಈ ಒಂದು ಚಾನೆಲ್ಲನ್ನು ಸುಮಾರು 82 ಕೋಟಿ ಡಾಲರ್ ಕೊಟ್ಟು ಕೊಂಡಿತು. ಒಂಟಿ ಸ್ಟೇಷನ್‌ಗೆ ಅಷ್ಟು ಬೆಲೆ ಅದುವರೆಗೆ ಯಾರೂ ಕೊಟ್ಟಿರಲಿಲ್ಲ. ಮುಂದೆ ಕಾರ್ಯಕ್ರಮ ಒದಗಿಸುತ್ತಿದ್ದ ಎನ್‌ಬಿಸಿ ಜಾಲದ ಜೊತೆಗಿನ ಸಂಬಂಧ ಮುರಿದು, 2001 ಮುಗಿಯುತ್ತಿದ್ದಂತೆ ಅದರ ಕಾರ್ಯಕ್ರಮಗಳು ಕೈತಪ್ಪಿದವು. ಸಾಲ ಮಾತ್ರ ಉಳಿಯಿತು. 2005ರಲ್ಲಿ ಕ್ರಾನ್ ತನ್ನ ಸುದ್ದಿಮನೆಯನ್ನು ವಿಡಿಯೋ ಪತ್ರಕರ್ತರ ಮಾದರಿಗೆ ಬದಲಾಯಿಸಿತು, ಅದೇ ಕಂಪನಿಯ ನ್ಯಾಶ್‌ವಿಲ್ ಚಾನೆಲ್ಲೂ ಅದೇ ದಾರಿ ಹಿಡಿಯಿತು. 2009ರಲ್ಲಿ ಕಂಪನಿ ದಿವಾಳಿ ಅರ್ಜಿ ಹಾಕಿತು. ಒಂಟಿ ಪತ್ರಕರ್ತರಿಂದ ಕಂಪನಿ ಮುಳುಗಿತು ಎಂದು ಹೇಳುವವರಿದ್ದಾರೆ, ಅದು ಅನ್ಯಾಯ. ಮುಳುಗುತ್ತಿದ್ದ ಕಂಪನಿ ಅವರನ್ನು ಹಿಡಿದುಕೊಂಡಿತು. ಸಾಲ ಕೊಟ್ಟವರು ಬಾಗಿಲಲ್ಲಿ ನಿಂತಿರುವಾಗ "ನಾಲ್ಕು ಜನ ಒಂದು ವಾರ ಒಂದೇ ವಿಷಯದ ಬೆನ್ನು ಹತ್ತಲಿ" ಎನ್ನುವ ಧೈರ್ಯ ಯಾವ ಸಂಪಾದಕರಿಗೆ ಬಂದೀತು?

ಪತ್ರಿಕೆಯ ಕಡೆಯಿಂದಲೂ ಒಂದು ಉದಾಹರಣೆ ಇದೆ. 2013ರ ಮೇ ಕೊನೆಗೆ ಶಿಕಾಗೋ ಸನ್-ಟೈಮ್ಸ್ ತನ್ನ ಫೋಟೋ ವಿಭಾಗವನ್ನು ಪೂರ್ತಿ ಮುಚ್ಚಿತು. 28 ಜನ ಹೊರಗೆ. ಅವರಲ್ಲಿ ಪುಲಿಟ್ಜರ್ ಪ್ರಶಸ್ತಿ ಪಡೆದ ಜಾನ್ ಎಚ್. ವೈಟ್ ಇದ್ದರು. ವರದಿಗಾರರಿಗೆ ಐಫೋನಿನಲ್ಲಿ ಫೋಟೋ ಮತ್ತು ವಿಡಿಯೋ ತೆಗೆಯುವುದನ್ನು ಕಲಿಸಲಾಯಿತು. ನಮ್ಮ ದೇಶದಲ್ಲಿ 2017ರಲ್ಲಿ ಎನ್‌ಡಿಟಿವಿ, ಮೊಬೈಲ್ ಪತ್ರಿಕೋದ್ಯಮಕ್ಕೆ ತಕ್ಕಂತೆ ಸುದ್ದಿಮನೆಯನ್ನು ಬದಲಾಯಿಸುತ್ತಿದ್ದೇವೆ ಎಂದು ಹೇಳಿ ಕ್ಯಾಮೆರಾ ಮತ್ತು ತಾಂತ್ರಿಕ ವಿಭಾಗದ ಅನೇಕರನ್ನು ಕೈಬಿಟ್ಟಿತು.

ಇಷ್ಟು ಕೇಳಿ ನಾನು ತಂಡದ ಪಕ್ಷ ಎಂದುಕೊಳ್ಳಬೇಡಿ. ಒಬ್ಬರೇ ಹೋದರೆ ಮಾತ್ರ ಆಗುವ ಕೆಲಸಗಳಿವೆ. ಬುಂದೇಲ್‌ಖಂಡದ 'ಖಬರ್ ಲಹರಿಯಾ' ನೋಡಿ. 2002ರಲ್ಲಿ ಉತ್ತರ ಪ್ರದೇಶದ ಚಿತ್ರಕೂಟದಲ್ಲಿ ಹಳ್ಳಿಯ ಹೆಂಗಸರು, ಅವರಲ್ಲಿ ಬಹುಪಾಲು ದಲಿತರು, ಶುರುಮಾಡಿದ ಪತ್ರಿಕೆ. ಹತ್ತು ಹದಿನೈದು ವರ್ಷ ಅಚ್ಚಿನಲ್ಲಿ ನಡೆಸಿ ಆಮೇಲೆ ಸ್ಮಾರ್ಟ್‌ಫೋನ್ ಹಿಡಿದು ವಿಡಿಯೋಗೆ ಬಂದರು. ಹೆಂಗಸಿನ ಮೇಲೆ ದೌರ್ಜನ್ಯ ನಡೆದ ಮನೆಗೆ ಮೂವರು ಗಂಡಸರ ತಂಡ ಟ್ರೈಪಾಡ್ ಹೊತ್ತುಕೊಂಡು ಹೋದರೆ ಬಾಗಿಲು ತೆರೆಯುವುದು ಮನೆಯ ಯಜಮಾನ, ಮಾತಾಡುವವನೂ ಅವನೇ. ಅದೇ ಭಾಷೆ ಆಡುವ, ಅದೇ ಕೇರಿಯನ್ನು ಬಲ್ಲ ಒಬ್ಬಳು ಫೋನ್ ಹಿಡಿದು ಹಿತ್ತಿಲ ಕಡೆಯಿಂದ ಒಳಗೆ ಹೋಗಿ ನೆಲದ ಮೇಲೆ ಕೂರುತ್ತಾಳೆ. ಅಲ್ಲಿ ಹುಟ್ಟುವ ಮಾತನ್ನು ಯಾವ ಬೀಟಾಕ್ಯಾಮ್ ಕೂಡ ಹಿಡಿಯಲಾರದು. ಅವರು ಅಲ್ಲಿ ಇರುವವರು, ನಾಳೆಯೂ ಅದೇ ದಾರಿಯಲ್ಲಿ ನಡೆಯಬೇಕಾದವರು. ಆ ಊರಿನ ನಲ್ಲಿಯಲ್ಲಿ ನೀರು ಬಂತೋ ಇಲ್ಲವೋ ಎಂದು ಮುಂದಿನ ತಿಂಗಳು ಮತ್ತೆ ಹೋಗಿ ಕೇಳುವವರು. ನಗರದ ತಂಡ ಮತ್ತೆ ಹೋಗುವುದಿಲ್ಲ, ಹೋಗಲು ಬಜೆಟ್ ಇರುವುದಿಲ್ಲ.

ಘಟನೆ ನಡೆಯುವ ಗಳಿಗೆಯಲ್ಲಂತೂ ಒಬ್ಬರು ಒಂದು ಫೋನು ಇದ್ದರೆ ಅದೇ ದೊಡ್ಡದು. 2018ರ ಆಗಸ್ಟ್‌ನಲ್ಲಿ ಕೊಡಗಿನ ಗುಡ್ಡಗಳು ಕುಸಿದಾಗ ಮಡಿಕೇರಿಯ ಮನೆಯೊಂದು ಇದ್ದಕ್ಕಿದ್ದಂತೆ ಜಾರಿ ಉರುಳಿದ ದೃಶ್ಯವನ್ನು ನೀವೆಲ್ಲ ನೋಡಿದ್ದೀರಿ. ಅದು ಜನರ ಮೊಬೈಲಿನಿಂದ ಬಂದದ್ದು. ಅಲ್ಲಿಗೆ ಲೈವ್ ಕಳಿಸುವ ಓಬಿ ವ್ಯಾನ್ ಹತ್ತುವ ರಸ್ತೆಯೇ ಇರಲಿಲ್ಲ. ಆದರೆ ಆ ಮನೆ ಯಾಕೆ ಬಿತ್ತು, ಆ ಇಳಿಜಾರಿನಲ್ಲಿ ಮನೆ ಕಟ್ಟಲು ಯಾರು ಅನುಮತಿ ಕೊಡುತ್ತಾರೆ, ಮಣ್ಣು ಕಡಿದವರು ಯಾರು ಎಂದು ಕೇಳುವ ಅರ್ಧ ಗಂಟೆಯ ಕಾರ್ಯಕ್ರಮಕ್ಕೆ ಭೂವಿಜ್ಞಾನಿಯನ್ನು ಹುಡುಕಬೇಕು, ಕಾಗದಪತ್ರ ತೆಗೆಸಬೇಕು, ಮೂರು ಸಲ ಹೋಗಿ ಬರಬೇಕು. ಅದನ್ನು ಮೊಬೈಲು ಮಾಡಿಕೊಡುವುದಿಲ್ಲ.

ಅಪಾಯದ ವಿಚಾರಕ್ಕೆ ಬರುತ್ತೇನೆ, ಇದನ್ನು ಯಾಕೋ ಎಲ್ಲರೂ ಕೊನೆಗೆ ತಳ್ಳುತ್ತಾರೆ. 2022ರ ಜನವರಿಯಲ್ಲಿ ಅಮೆರಿಕದ ಪಶ್ಚಿಮ ವರ್ಜೀನಿಯಾದಲ್ಲಿ ಸ್ಥಳೀಯ ಚಾನೆಲ್‌ನ ವರದಿಗಾರ್ತಿಯೊಬ್ಬಳು ರಾತ್ರಿ ರಸ್ತೆ ಬದಿಯಲ್ಲಿ ನಿಂತು ನೀರಿನ ಪೈಪು ಒಡೆದ ಸುದ್ದಿಯ ಲೈವ್ ಕೊಡುತ್ತಿದ್ದಳು. ಹಿಂದಿನಿಂದ ಬಂದ ಕಾರು ಗುದ್ದಿತು. ಅವಳೂ ಬಿದ್ದಳು, ಕ್ಯಾಮೆರಾವೂ ಬಿತ್ತು. ಜೊತೆಗೆ ಯಾರೂ ಇರಲಿಲ್ಲ. ಸ್ಟುಡಿಯೋದಲ್ಲಿದ್ದ ನಿರೂಪಕ ಪರದೆಯಲ್ಲಿ ನೋಡುತ್ತಿದ್ದದ್ದು ಕತ್ತಲನ್ನು ಮಾತ್ರ. ಅವಳು ಎದ್ದು, ತಾನು ಚೆನ್ನಾಗಿದ್ದೇನೆ ಎಂದು ಹೇಳಿ, ಕ್ಯಾಮೆರಾ ಸರಿಮಾಡಿಕೊಂಡು ವರದಿ ಮುಂದುವರಿಸಿದಳು. ಜಗತ್ತು "ಎಂಥ ವೃತ್ತಿನಿಷ್ಠೆ" ಎಂದು ಚಪ್ಪಾಳೆ ತಟ್ಟಿತು. ನನಗೆ ಆ ವಿಡಿಯೋ ನೋಡಿ ಸಿಟ್ಟು ಬಂತು. ಇನ್ನೊಬ್ಬರು ಇದ್ದಿದ್ದರೆ "ಏಯ್, ಕಾರು" ಎಂದು ಕೂಗುತ್ತಿದ್ದರು. ತಂಡದಲ್ಲಿ ಎರಡನೆಯವರ ಮೊದಲ ಕೆಲಸ ಅದು.

2012ರ ಮಾರ್ಚ್ 2ರಂದು ಬೆಂಗಳೂರಿನ ಸಿಟಿ ಸಿವಿಲ್ ಕೋರ್ಟ್ ಆವರಣ ನಿಮಗೆ ನೆನಪಿರಬಹುದು, ಚಿಕ್ಕವರು ಕೇಳಿರಬಹುದು. ಗಣಿ ಪ್ರಕರಣದಲ್ಲಿ ಜನಾರ್ದನ ರೆಡ್ಡಿಯವರನ್ನು ಸಿಬಿಐ ಕೋರ್ಟಿಗೆ ಕರೆತಂದ ದಿನ. ವಕೀಲರಿಗೂ ಪತ್ರಕರ್ತರಿಗೂ ಗಲಾಟೆ ಹತ್ತಿ, ಪತ್ರಕರ್ತರು ಏಟು ತಿಂದರು, ಕ್ಯಾಮೆರಾಗಳು ಪುಡಿಯಾದವು. ಅಂಥ ಕಡೆ ಕ್ಯಾಮೆರಾ ಹೆಗಲ ಮೇಲಿದ್ದವರಿಗೆ ಬಲಗಡೆ ಪೂರ್ತಿ ಕುರುಡು, ಕ್ಯಾಮೆರಾವೇ ಅಡ್ಡ. ಹಿಂದಕ್ಕೆ ನಡೆಯುತ್ತಾ ಶೂಟ್ ಮಾಡುವಾಗ ಅಸಿಸ್ಟೆಂಟ್ ಬೆಲ್ಟ್ ಹಿಡಿದು ಎಳೆಯುತ್ತಿರುತ್ತಾನೆ: ಮೆಟ್ಟಿಲು ಇದೆ ಅಣ್ಣ, ಎಡಕ್ಕೆ ಬನ್ನಿ, ಈಗ ಓಡೋಣ. ಆ ಬೆಲ್ಟ್ ಹಿಡಿದ ಕೈಗೆ ಚಾನೆಲ್ಲಿನ ಲೆಕ್ಕದಲ್ಲಿ ಸಂಬಳ ಅತಿ ಕಡಿಮೆ, ಮೊದಲು ತೆಗೆದುಹಾಕಿದ್ದೂ ಆ ಹುದ್ದೆಯನ್ನೇ.

ಕನ್ನಡದ ಸುದ್ದಿ ಚಾನೆಲ್‌ಗಳಲ್ಲಿ ಈ ಬದಲಾವಣೆಯನ್ನು ಯಾರೂ ಘೋಷಿಸಲಿಲ್ಲ. 2006ರಲ್ಲಿ ಟಿವಿ9 ಕನ್ನಡ ಬಂತು, ಆಮೇಲೆ ಸುವರ್ಣ ನ್ಯೂಸ್, 2012ರಲ್ಲಿ ಪಬ್ಲಿಕ್ ಟಿವಿ, ಇನ್ನೂ ಹಲವು. 24 ಗಂಟೆ ತುಂಬಿಸಬೇಕು, ಜಿಲ್ಲೆಗೊಬ್ಬ ವರದಿಗಾರ, ಒಬ್ಬ ಕ್ಯಾಮೆರಾಮನ್. ತಾಲ್ಲೂಕಿಗೆ ಸ್ಟ್ರಿಂಗರ್, ಅಂದರೆ ಖಾಯಂ ನೌಕರಿಯಿಲ್ಲದ ವರದಿಗಾರ. ಆ ಸ್ಟ್ರಿಂಗರ್ ಇದ್ದಾನಲ್ಲ, ಅವನು ವಿಡಿಯೋ ಪತ್ರಕರ್ತ ಎಂಬ ಹೆಸರು ಕೇಳುವ ಮೊದಲೇ ಆ ಕೆಲಸ ಮಾಡುತ್ತಿದ್ದ. ಬೈಕು ಅವನದು, ಪೆಟ್ರೋಲು ಅವನದು, ಕ್ಯಾಮೆರಾ ಅವನದು, ಈಗ ಫೋನೂ ಡೇಟಾವೂ ಅವನದು. ದುಡ್ಡು ಸ್ಟೋರಿ ಲೆಕ್ಕದಲ್ಲಿ, ಅದೂ ಪ್ರಸಾರವಾದರೆ. ಸಂಬಳದ ಬದಲು ಲೋಗೋ ಇರುವ ಮೈಕನ್ನಷ್ಟೇ ಕೊಟ್ಟು "ಜಾಹೀರಾತು ತನ್ನಿ, ಕಮಿಷನ್ ತಗೊಳ್ಳಿ" ಎಂದ ಚಾನೆಲ್‌ಗಳನ್ನು ನಾನು ಕಂಡಿದ್ದೇನೆ, ಹೆಸರು ಬೇಡ. ಅಲ್ಲಿಂದ ಮುಂದೆ ಆ ಮೈಕಿನಿಂದ ಏನೇನು ನಡೆಯುತ್ತದೆ ಎಂದು ತಾಲ್ಲೂಕು ಕಚೇರಿಯವರನ್ನು ಕೇಳಿ.

ಜಿಲ್ಲಾ ಕೇಂದ್ರಗಳಲ್ಲಿ ಇನ್ನೊಂದು ಸಂಗತಿ ನಡೆದಿದೆ, ಇದನ್ನು ಸಂಶೋಧನೆ ಮಾಡುವವರು ಗಮನಿಸಬೇಕು. ಬೇರೆ ಬೇರೆ ಚಾನೆಲ್‌ಗಳ ಹುಡುಗರು ಒಂದೇ ಕಾರಿನಲ್ಲಿ ಹೊರಡುತ್ತಾರೆ. ಒಬ್ಬ ಮೈಕುಗಳನ್ನೆಲ್ಲ ಗೊಂಚಲಾಗಿ ಹಿಡಿಯುತ್ತಾನೆ, ಒಬ್ಬ ಪ್ರಶ್ನೆ ಕೇಳುತ್ತಾನೆ, ಒಬ್ಬ ವಿಷುವಲ್ಸ್ ತೆಗೆದು ವಾಟ್ಸಾಪ್ ಗುಂಪಿಗೆ ಹಾಕುತ್ತಾನೆ. ತಡವಾಗಿ ಬಂದವನಿಗೂ ಬೈಟ್ ಸಿಗುತ್ತದೆ. ಹೊರಗಿನಿಂದ ನೋಡಿದರೆ ಪೈಪೋಟಿ, ಒಳಗೆ ಸಹಕಾರ ಸಂಘ. ಕಂಪನಿಗಳು ಕಿತ್ತುಹಾಕಿದ ತಂಡವನ್ನು ಇವರು ತಮ್ಮ ತಮ್ಮಲ್ಲೇ ಮತ್ತೆ ಕಟ್ಟಿಕೊಂಡಿದ್ದಾರೆ. ಒಬ್ಬನಿಗೆ ಏಟು ಬಿದ್ದರೆ ಆಸ್ಪತ್ರೆಗೆ ಕರೆದೊಯ್ಯುವವರೂ ಇವರೇ. ಇದರ ಬೆಲೆಯೂ ಇದೆ: ಐದು ಚಾನೆಲ್ ತಿರುಗಿಸಿದರೂ ಅದೇ ಮುಖ, ಅದೇ ಕೋನ, ಅದೇ ಮಾತು. ಒಬ್ಬನೇ ಬೇರೆ ಪ್ರಶ್ನೆ ಕೇಳಬೇಕೆಂದರೆ ಗುಂಪು ಬಿಟ್ಟು ಹೋಗಬೇಕು, ಗುಂಪು ಬಿಟ್ಟರೆ ನಾಳೆ ವಿಷುವಲ್ಸ್ ಸಿಗುವುದಿಲ್ಲ.

ಹಾಗಾದರೆ ಯಾವಾಗ ಎಷ್ಟು ಜನ? ಸೂತ್ರ ಕೇಳಿದರೆ ನನ್ನ ಹತ್ತಿರ ಇಲ್ಲ. ಯಾರನ್ನು ಎಲ್ಲಿಗೆ ಕಳಿಸಬೇಕೆಂದು ತೀರ್ಮಾನಿಸುವ ಅಸೈನ್‌ಮೆಂಟ್ ಡೆಸ್ಕಿನಲ್ಲಿ ಕೂತಾಗ ನಾನು ನೋಡುತ್ತಿದ್ದದ್ದು ಎರಡು ವಿಷಯ. ಅಲ್ಲಿ ಗುಂಪು ಸೇರುತ್ತದೆಯೇ, ನೀರಿದೆಯೇ, ರಾತ್ರಿಯೇ, ರಸ್ತೆಯೇ? ಹೌದಾದರೆ ಇಬ್ಬರಿಗಿಂತ ಕಡಿಮೆ ಇಲ್ಲ, ಬುಲೆಟಿನ್ ಖಾಲಿ ಹೋದರೂ ಸರಿ. ಅದು ಇಲ್ಲದಿದ್ದರೆ, ಒಬ್ಬರನ್ನು ಕಳಿಸಿ ಉಳಿಯುವ ದುಡ್ಡಿನಲ್ಲಿ ಅವರಿಗೆ ಇನ್ನೆರಡು ದಿನ ಕೊಡಲು ಸಾಧ್ಯವೇ? ಸಾಧ್ಯವಿದ್ದರೆ ಒಬ್ಬರೇ ಹೋಗಲಿ, ಒಳ್ಳೆಯದನ್ನೇ ತರುತ್ತಾರೆ. ಒಬ್ಬರನ್ನೇ ಕಳಿಸಿ, ಅದೇ ದಿನ ಮೂರು ಸ್ಟೋರಿ, ನಡುವೆ ಎರಡು ಲೈವ್, ಜೊತೆಗೆ ಯೂಟ್ಯೂಬ್‌ಗೊಂದು ಫೇಸ್‌ಬುಕ್‌ಗೊಂದು ತುಣುಕು ಎಂದರೆ ಯಾವ ಸ್ಟೋರಿಯೂ ಸ್ಟೋರಿಯಾಗಿ ಬರುವುದಿಲ್ಲ. ಇದಕ್ಕೆ ಮ್ಯಾನೇಜ್‌ಮೆಂಟ್‌ನವರು ಒಪ್ಪುತ್ತಿದ್ದರೇ ಎಂದು ನೀವು ಕೇಳಬಹುದು. ಮೊದಲನೆಯದಕ್ಕೆ ಜಗಳವಾಡಿ ಒಪ್ಪಿಸಬಹುದಿತ್ತು. ಎರಡನೆಯದಕ್ಕೆ ಅಪರೂಪಕ್ಕೆ.

ಮಾತು ಮುಗಿದ ಮೇಲೆ ಬಂದ ಪ್ರಶ್ನೆಗಳಲ್ಲಿ ಎರಡನ್ನು ಇಲ್ಲಿ ಸೇರಿಸುತ್ತೇನೆ.

ಅಂತಿಮ ವರ್ಷದ ವಿದ್ಯಾರ್ಥಿನಿಯೊಬ್ಬರು ಕೇಳಿದರು: "ಸರ್, ಇಂಟರ್‌ವ್ಯೂಗೆ ಹೋದರೆ ಶೂಟ್ ಬರುತ್ತಾ, ಎಡಿಟ್ ಬರುತ್ತಾ, ಆಂಕರಿಂಗ್ ಬರುತ್ತಾ ಅಂತ ಎಲ್ಲಾ ಕೇಳ್ತಾರೆ. ಎಲ್ಲಾ ಅರೆಬರೆ ಕಲಿಯೋದಾ, ಒಂದನ್ನೇ ಚೆನ್ನಾಗಿ ಕಲಿಯೋದಾ?" ಎಲ್ಲವನ್ನೂ ಕಲಿಯಮ್ಮ ಎಂದೆ, ಕೆಲಸ ಸಿಗಬೇಕಲ್ಲ. ಆದರೆ ಮೊದಲು ಎಡಿಟಿಂಗ್. ನೀನು ತೆಗೆದದ್ದನ್ನು ನೀನೇ ಜೋಡಿಸಲು ಕೂತಾಗ ಯಾವ ಶಾಟ್ ತರಲಿಲ್ಲ ಎಂದು ತಾನಾಗಿ ಗೊತ್ತಾಗುತ್ತದೆ, ಮುಂದಿನ ಸಲ ಕೈ ಹತ್ತು ಸೆಕೆಂಡ್ ಅಲ್ಲಾಡದೆ ನಿಲ್ಲುತ್ತದೆ. ಒಬ್ಬ ಒಳ್ಳೆ ಸೌಂಡ್‌ನವರ ಜೊತೆ ಸಾಧ್ಯವಾದಷ್ಟು ದಿನ ಚೀಲ ಹೊತ್ತುಕೊಂಡು ತಿರುಗು ಎಂದೂ ಹೇಳಿದೆ. ಅಂಥವರು ಈಗ ಸಿನಿಮಾದಲ್ಲಿ, ಸಾಕ್ಷ್ಯಚಿತ್ರದಲ್ಲಿ ಸಿಗುತ್ತಾರೆ, ಸುದ್ದಿ ಚಾನೆಲ್‌ನಲ್ಲಿ ಹುಡುಕಬೇಕು.

ಇನ್ನೊಬ್ಬರು ಉತ್ತರ ಕರ್ನಾಟಕದ ತಾಲ್ಲೂಕೊಂದರ ಸ್ಟ್ರಿಂಗರ್. "ನೀವು ಹೇಳೋದೆಲ್ಲಾ ಖರೆ ಐತ್ರಿ ಸರ್. ಆದ್ರ ನನ್ನ ಹತ್ರ ಇರೋದು ಒಂದ್ ಫೋನು, ಒಂದ್ ಬೈಕು. ಐದ್ ಸಾವಿರ ರೂಪಾಯಿ ಕೂಡಿಸೀನಿ. ಗಿಂಬಲ್ ತಗೊಳ್ಲ್ಯೋ, ಮೈಕ್ ತಗೊಳ್ಲ್ಯೋ?" ಎಂದು ಕೇಳಿದರು. ಮೈಕು ಎಂದೆ. ಗಿಂಬಲ್ ಎಂದರೆ ಫೋನು ಅಲ್ಲಾಡದಂತೆ ಹಿಡಿಯುವ ಹಿಡಿ. ಚಿತ್ರ ಅಲ್ಲಾಡಿದರೆ ಜನ ಸಹಿಸಿಕೊಳ್ಳುತ್ತಾರೆ, ಮಾತು ಕೇಳದಿದ್ದರೆ ಮುಂದಕ್ಕೆ ಹೋಗುತ್ತಾರೆ. ಒಂದು ವೈರ್‌ಲೆಸ್ ಕಾಲರ್ ಮೈಕು, ಗಾಳಿಗೆ ಅದರ ಮೇಲೆ ಹಾಕುವ ತುಪ್ಪಳದ ಟೋಪಿ, ಉಳಿದರೆ ಒಂದು ಪವರ್ ಬ್ಯಾಂಕು. ಆಮೇಲೆ ನಾನೇ ಅವರನ್ನು ಕೇಳಿದೆ: ವಿಮೆ ಮಾಡಿಸಿದ್ದೀರಾ? ಅವರು ನಕ್ಕರು. ಚಾನೆಲ್‌ನವರು ಮಾಡಿಸಿರಬೇಕಲ್ಲವೇ ಎಂದರೆ ಪಕ್ಕದಲ್ಲಿದ್ದವರೂ ನಕ್ಕರು. ಅಪಘಾತ ವಿಮೆಯ ವರ್ಷದ ಕಂತು ಆ ಮೈಕಿಗಿಂತ ಕಡಿಮೆ, ಅಂಚೆ ಕಚೇರಿಯಲ್ಲೂ ಬ್ಯಾಂಕಿನಲ್ಲೂ ಸಿಗುತ್ತದೆ, ನಾಳೆಯೇ ಹೋಗಿ ಮಾಡಿಸಿ ಎಂದು ಹೇಳಿದೆ. ರಸೀದಿಯನ್ನು ಚಾನೆಲ್‌ಗೆ ಕಳಿಸಿ ದುಡ್ಡು ಕೇಳಿ ಎಂದೂ ಹೇಳಿದೆ. ಕೊಡದಿದ್ದರೂ, ಕೇಳಿದ್ದಕ್ಕೆ ಒಂದು ದಾಖಲೆ ಇರಲಿ.